ಗುಂಯ್ ಅಂತಿತ್ತು, ತಿರುಗ್ತಿರ್ಲಿಲ್ಲ: ಪುಷ್ಯ ಮಳೇಲಿ ಡ್ರೈಯರ್ ರಿಪೇರಿ

ಪುಷ್ಯ ಮಳೆ ಹಿಡ್ಕೊಂಡು ನಾಕನೇ ದಿನ ನಮ್ಮನೆ ವಾಷಿಂಗ್ ಮೆಷಿನ್ನಿನ ಡ್ರೈಯರ್ ನಿಂತೋಯ್ತು. ಬೇಸಗೇಲಿ ಆಗಿದ್ರೆ ತಲೆನೇ ಕೆಡಿಸ್ಕೊಳ್ತಿರ್ಲಿಲ್ಲ, ಅಂಗಳದಲ್ಲಿ ಹಗ್ಗ ಇದೆ, ಹಿಂಡಿ ಹಾಕಿದ್ರೆ ಮಧ್ಯಾಹ್ನದೊಳಗೆ ಗರಿಗರಿ ಒಣಗತ್ತೆ. ಆದ್ರೆ ನಮ್ಮೂರಿರೋದು ಮೇಗರವಳ್ಳಿಯಿಂದ ಸ್ವಲ್ಪ ಒಳಗೆ, ಆಗುಂಬೆ ಸೀಮೆ, ವರ್ಷದ ಸರಾಸರಿ ಮಳೆನೇ 7,000 ಮಿಲಿಮೀಟರ್ ದಾಟೋ ಜಾಗ ಅದು, ಆ ಮಳೆ ಬಹುಪಾಲು ಜೂನ್ ಜುಲೈ ಆಗಸ್ಟ್ ಮೂರೇ ತಿಂಗಳಲ್ಲಿ ಬೀಳೋದು. ಆ ದಿನಗಳಲ್ಲಿ ಗೋಡೆ ಮುಟ್ಟಿದ್ರೂ ಒದ್ದೆ, ಹಾಸಿಗೆ ಮುಟ್ಟಿದ್ರೂ ಒದ್ದೆ.

ಅದ್ರ ಮೇಲೆ ಮನೇಲಿ ಬಾಣಂತಿ. ನಾದಿನಿ ಹೆರಿಗೆಗೆ ಅಂತ ಬಂದೋಳು, ಮಗೂಗೆ ಆಗ ಇಪ್ಪತ್ತನಾಕು ದಿನ. ಹಳೇ ಪಂಚೆ, ಅತ್ತೆಯ ಹಳೇ ಹತ್ತಿ ಸೀರೆ ಹರಿದು ಮಾಡಿಟ್ಟ ಬಟ್ಟೆಗಳು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಆಗ್ತಿತ್ತು, ಜೊತೆಗೆ ಅವಳ ಬಟ್ಟೆ, ಹೊದಿಕೆ. ಬಚ್ಚಲ ಒಲೆ ಮೇಲೆ ಉದ್ದಕ್ಕೆ ಗಳ ಕಟ್ಟಿದೀವಿ, ಹಂಡೆ ಉರಿ ಯಾವಾಗ್ಲೂ ಇರತ್ತೆ, ಅಲ್ಲೇ ಒಣಗಿಸೋದು. ಡ್ರೈಯರಲ್ಲಿ ಹಾಕಿ ತೆಗೆದ ಬಟ್ಟೆ ಆ ಗಳದ ಮೇಲೆ ಎರಡು ಗಂಟೇಲಿ ಒಣಗತ್ತೆ. ಕೈಯಲ್ಲಿ ಹಿಂಡಿದ್ದು ರಾತ್ರಿಯಿಡೀ ಬಿಟ್ರೂ ಅಂಚೆಲ್ಲ ತಣ್ಣಗೇ ಇರತ್ತೆ, ಹೊಗೆ ವಾಸನೆ ಬೇರೆ ಕುಡಿದಿರತ್ತೆ, ಅದನ್ನ ಮಗೂಗೆ ಹೇಗೆ ಸುತ್ತೋದು ಹೇಳಿ.

ನಾನು ಡ್ರೈಯರ್ ಅಂತಿರೋದು ಬಿಸಿಗಾಳಿ ಊದೋ ಮೆಷಿನ್ನಿಗಲ್ಲ. ಸೆಮಿ ಆಟೋಮ್ಯಾಟಿಕ್ ಮೆಷಿನ್ನಲ್ಲಿ ಒಗೆಯೋ ಟಬ್ ಪಕ್ಕದಲ್ಲಿ ಸಣ್ಣದೊಂದು ತೂತು ತೂತಿನ ಟಬ್ ಇರತ್ತಲ್ಲ, ನಿಮಿಷಕ್ಕೆ 1,300 ಸುತ್ತಿನ ಆಸುಪಾಸು ತಿರುಗಿ ಬಟ್ಟೆ ನೀರನ್ನೆಲ್ಲ ಹೊರಗೆ ಎಸೆಯೋದು, ಅದಕ್ಕೆ. ನಮ್ಮ ಕಡೆ ಎಲ್ರೂ ಅದನ್ನೇ ಡ್ರೈಯರ್ ಅನ್ನೋದು. ಮೆಷಿನ್ ತಗೊಂಡು ಆರು ವರ್ಷ ಆಗಿತ್ತು, ಒಗೆಯೋ ಕಡೆ ಯಾವ ತೊಂದ್ರೆನೂ ಇರ್ಲಿಲ್ಲ.

ಅವತ್ತು ಬಟ್ಟೆ ತುಂಬಿ, ಮುಚ್ಚಳ ಹಾಕಿ, ಟೈಮರ್ ಐದು ನಿಮಿಷಕ್ಕೆ ತಿರುಗಿಸ್ದೆ. ಗುಂಯ್ ಅಂತ ಸಣ್ಣಗೆ ಒಂದು ಸದ್ದು. ಟಬ್ ಮಿಸುಕಲಿಲ್ಲ. ಟೈಮರ್ ಟಿಕ್ ಟಿಕ್ ಅಂತ ತನ್ನಷ್ಟಕ್ಕೆ ಓಡ್ತಾ ಇದೆ, ಗುಂಯ್ ಸದ್ದು ನಿಂತಿಲ್ಲ, ತಿರುಗೋದು ಮಾತ್ರ ಇಲ್ಲ. ಕಾಲು ನಿಮಿಷದಲ್ಲಿ ಆಫ್ ಮಾಡ್ದೆ, ಯಾಕಂದ್ರೆ ಮೋಟರ್ ತಿರುಗದೆ ಕರೆಂಟ್ ಎಳೀತಾ ನಿಂತ್ರೆ ಕಾದು ಸುಟ್ಟೋಗತ್ತೆ ಅಂತ ಅಷ್ಟು ಗೊತ್ತಿತ್ತು.

ಪ್ಲಗ್ ತೆಗ್ದು ಮುಚ್ಚಳ ಎತ್ತಿ ಟಬ್ಬನ್ನ ಕೈಯಲ್ಲಿ ತಿರುಗಿಸಿ ನೋಡ್ದೆ, ಗಟ್ಟಿ. ಬಟ್ಟೆ ಎಲ್ಲ ತೆಗ್ದು ಮತ್ತೆ ನೋಡ್ದೆ, ಆಗ್ಲೂ ಗಟ್ಟಿ. ಓಹೋ ಏನೋ ಸಿಕ್ಕಾಕ್ಕೊಂಡಿದೆ ಅಂತ ಅಂದ್ಕೊಂಡು ಒಳ ಟಬ್ಬಿಗೂ ಹೊರ ಟಬ್ಬಿಗೂ ಮಧ್ಯ ಇರೋ ಸಂದೀಲಿ ಟಾರ್ಚ್ ಬಿಟ್ಟು ಹುಡುಕಿದ್ರೆ ತಳದಲ್ಲಿ ಬೆಳ್ಳಗೆ ಏನೋ ಕಾಣಿಸ್ತು. ತಂತಿ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಅರ್ಧ ಗಂಟೆ ಒದ್ದಾಡಿ ಮೇಲೆಳೆದೆ, ಮಗೂದು ಒಂದು ಕಾಲುಚೀಲ. ನನ್ನ ಹೆಬ್ಬೆರಳಷ್ಟಿದೆ ಅಷ್ಟೇ. ಇದೇ ಕಾರಣ ಅಂತ ಎಲ್ರೂ ಖುಷಿಯಾದ್ವಿ, ನಾದಿನಿ ಒಳಗಿಂದ್ಲೇ "ಅತ್ತಿಗೆ ಸಿಕ್ತಾ" ಅಂತ ಕೂಗಿದ್ಲು. ಮತ್ತೆ ಹಾಕಿದ್ರೆ ಅದೇ ಗುಂಯ್. ಮುಚ್ಚಳ ತೆಗ್ದು ಕೈ ಹಾಕಿದ್ರೆ ಅದೇ ಗಟ್ಟಿ.

ಇಲ್ಲಿ ನಾನು ಒಂದು ಸಂಜೆ ಪೂರ್ತಿ ದಾರಿ ತಪ್ಪಿದ್ದೆ, ನಿಮಗೂ ಹಾಗಾಗ್ಬಾರ್ದು ಅಂತ ಬಿಡಿಸಿ ಹೇಳ್ತೀನಿ. ಈ ಮೆಷಿನ್ನಲ್ಲಿ ಮುಚ್ಚಳಕ್ಕೂ ಕೆಳಗಿರೋ ಬ್ರೇಕಿಗೂ ಒಂದು ವೈರ್ ಸಂಬಂಧ ಇರತ್ತೆ. ಮುಚ್ಚಳ ಹಾಕಿದಾಗ ವೈರ್ ಎಳೆದು ಬ್ರೇಕ್ ಬಿಡತ್ತೆ, ಎತ್ತಿದಾಗ ಸ್ಪ್ರಿಂಗ್ ಬ್ರೇಕನ್ನ ಒತ್ತಿ ಹಿಡಿಯತ್ತೆ, ತಿರುಗ್ತಿರೋ ಟಬ್ಬಿಗೆ ಯಾರಾದ್ರೂ ಕೈ ಹಾಕಿದ್ರೆ ಅಪಾಯ ಅಂತ ಹಾಗೆ ಮಾಡಿರೋದು. ಅಂದ್ರೆ ಮುಚ್ಚಳ ತೆಗ್ದು ತಿರುಗಿಸಿ ನೋಡಿದ್ರೆ ಸರಿ ಇರೋ ಮೆಷಿನ್ನೂ ಗಟ್ಟಿಯಾಗೇ ಇರತ್ತೆ. ನಾನು ಬ್ರೇಕ್ ಜೊತೆ ಗುದ್ದಾಡ್ತಾ ಇದ್ದೆ, ಜಾಮ್ ಆಗಿದೆ ಅಂತ ತಿಳ್ಕೊಂಡಿದ್ದೆ.

ಮಾರನೇ ದಿನ ಬೆಳಿಗ್ಗೆ ಸರ್ವೀಸಿನವರಿಗೆ ಫೋನ್ ಮಾಡ್ದೆ. ಡ್ರೈಯರ್ ತಿರುಗ್ತಿಲ್ಲ ಅಂದೆ ಅಷ್ಟೇ, ಆ ಕಡೆಯಿಂದ "ಮೋಟರ್ ಹೋಗಿದೆ ಮೇಡಂ, ಮೋಟರೇ ಚೇಂಜ್ ಮಾಡ್ಬೇಕು" ಅಂದ್ರು, ರೇಟೂ ಹೇಳಿದ್ರು, ಎರಡು ಸಾವಿರದ ಮೇಲೆ, ಬರೋ ಚಾರ್ಜ್ ಬೇರೆ, ಮಳೆ ಕಮ್ಮಿಯಾದ್ಮೇಲೆ ಬರ್ತೀವಿ, ಒಂದು ವಾರ ಹತ್ತು ದಿನ ಆಗತ್ತೆ ಅಂದ್ರು. ಮಳೇಲಿ ಘಟ್ಟದ ಅಂಚಿಗೆ ಬರೋದು ಕಷ್ಟ, ಅದು ನನಗೂ ಅರ್ಥ ಆಗತ್ತೆ. ಆದ್ರೆ ಸದ್ದು ಬರತ್ತಾ ಇಲ್ವಾ ಅಂತ ಒಂದು ಮಾತು ಕೇಳ್ಬೇಕಿತ್ತು ಅಲ್ವಾ? ನನಗೆ ಬೇಜಾರಾಗಿದ್ದು ಅದಕ್ಕೇ. ಡಾಕ್ಟರ್ ಜ್ವರ ನೋಡದೆ ಆಪರೇಷನ್ ಅಂದ ಹಾಗಾಯ್ತು. ಏನೂ ಸದ್ದಿಲ್ಲದೆ ಸತ್ತ ಹಾಗೆ ಇದ್ರೆ ಒಂದು ದಾರಿ, ಆಗ ಮೋಟರಿಗೆ ಕರೆಂಟೇ ಹೋಗ್ತಿಲ್ಲ ಅಂತ ಅರ್ಥ, ಮುಚ್ಚಳದ ಸ್ವಿಚ್ಚೋ, ಟೈಮರ್ರೋ, ಇಲಿ ಕಡಿದ ವೈರೋ ನೋಡ್ಬೇಕು. ಗುಂಯ್ ಅಂತಿದೆ ಅಂದ್ರೆ ಕರೆಂಟ್ ಬಂದು ತಲುಪಿದೆ, ಆದ್ರೆ ಮೋಟರಿಗೆ ಶುರು ಮಾಡೋಕೆ ಆಗ್ತಿಲ್ಲ, ಆಗ ಹುಡುಕೋ ಜಾಗಗಳೇ ಬೇರೆ: ವೋಲ್ಟೇಜ್, ಬ್ರೇಕ್, ಕೆಪಾಸಿಟರ್, ಬೇರಿಂಗ್. ಮೋಟರ್ ಸುಟ್ಟಿದೆ ಅನ್ನೋದು ಇವೆಲ್ಲ ಆದ್ಮೇಲೆ.

ವೋಲ್ಟೇಜ್ ಮೇಲೆ ನನಗೆ ಮೊದಲಿಂದ ಅನುಮಾನ. ಫ್ರಿಜ್ಜಿನ ಸ್ಟೆಬಿಲೈಸರ್ ಸಂಜೆ ಹೊತ್ತು 170 ತೋರಿಸೋದು ಮಳೆಗಾಲದಲ್ಲಿ ನಮಗೆ ರೂಢಿ. ಇಂಥ ಮೋಟರಿಗೆ ತಿರುಗೋ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇರತ್ತೆ, 230 ಬರ್ಬೇಕಾದಲ್ಲಿ 170 ಬಂದ್ರೆ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದುಬಿಡತ್ತೆ. (ನಾನು ಇಲ್ಲೇ ಹೈಸ್ಕೂಲಲ್ಲಿ ಅತಿಥಿ ಶಿಕ್ಷಕಿ, ವಿಜ್ಞಾನ ಮಾಡ್ತೀನಿ, ಆ ವಾರ ಶಾಲೆಗೆ ಮಳೆ ರಜೆ ಕೊಟ್ಟಿದ್ರು.) ಹಾಗಾಗಿ ರಾತ್ರಿ ಹನ್ನೊಂದು ಗಂಟೆ ತನಕ ಕಾದು ಕೂತೆ, ಊರಲ್ಲಿ ಎಲ್ರೂ ಮಲಗಿದ್ಮೇಲೆ 218 ತೋರಿಸ್ತು, ಖಾಲಿ ಟಬ್ ಇಟ್ಕೊಂಡು ಹಾಕ್ದೆ. ಗುಂಯ್. ಸರಿ, ವೋಲ್ಟೇಜ್ ಒಂದೇ ಕಾರಣ ಅಲ್ಲ.

ಬೆಳಿಗ್ಗೆ ಮೆಷಿನ್ನನ್ನ ಗೋಡೆಯಿಂದ ಮುಂದಕ್ಕೆ ಎಳೆದು ಹಿಂದಿನ ಕವರ್ ಬಿಚ್ಚಿದ್ವಿ. ನಮ್ಮನೆಯವರು ಮಳೆ ಒಂದು ಗಳಿಗೆ ಬಿಟ್ಟಿದ್ದೇ ತಡ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸೋಕೆ ಓಡಿದ್ರು, ಕೊಳೆ ರೋಗ ಬಿತ್ತು ಅಂದ್ರೆ ವರ್ಷದ ಅಡಿಕೆನೇ ಹೋಯ್ತು, ಅವರನ್ನ ನಿಲ್ಸೋ ಹಾಗಿರ್ಲಿಲ್ಲ. ಟಾರ್ಚ್ ಹಿಡಿದಿದ್ದು ಅತ್ತೆ. "ಪ್ಲಗ್ ತೆಗ್ದಿದೀಯನೇ" ಅಂತ ಮೂರು ಸಲ ಕೇಳಿದ್ರು, ಮೂರನೇ ಸಲ ಅವರೇ ಹೋಗಿ ನೋಡ್ಕೊಂಡು ಬಂದ್ರು.

ಒಳಗೆ ಜೇಡರ ಬಲೆ, ಇಲಿ ತಂದು ಹಾಕಿದ ಅಡಿಕೆ ಸಿಪ್ಪೆ ನಾರು, ಹಿಕ್ಕೆ. ವೈರೆಲ್ಲ ಬೆರಳಲ್ಲಿ ಸವರಿ ಸವರಿ ನೋಡ್ದೆ, ಒಂದೂ ಕಡಿದಿರ್ಲಿಲ್ಲ. ಡ್ರೈಯರ್ ಮೋಟರ್ ತಳದಲ್ಲಿ ಮೂರು ಸ್ಪ್ರಿಂಗ್ ಮೇಲೆ ಕೂತಿರತ್ತೆ, ಅದ್ರ ತಲೆ ಮೇಲೆ ಚಕ್ರದ ಥರ ಒಂದು ಬ್ರೇಕ್ ಡ್ರಮ್, ಪಕ್ಕದಲ್ಲಿ ಬ್ರೇಕಿನ ಲಿವರ್. ಆ ಲಿವರನ್ನ ಬೆರಳಲ್ಲಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಡ್ರಮ್ಮನ್ನ ತಳ್ಳಿದೆ ನೋಡಿ, ಬುಗುರಿ ಥರ ಸುತ್ತಿ ಸುತ್ತಿ ತಾನಾಗೇ ನಿಂತ್ತು. ಯಾವ ಕರಕರ ಸದ್ದೂ ಇಲ್ಲ. ಅತ್ತೆಗೆ ಮುಚ್ಚಳ ಹಾಕಿ ತೆಗೀರಿ ಅಂದೆ, ಅವರು ಹಾಕಿದಾಗ ಲಿವರ್ ಬಿಟ್ಕೊಳ್ತಿತ್ತು, ತೆಗೆದಾಗ ಹಿಡ್ಕೊಳ್ತಿತ್ತು. ಅಲ್ಲಿಗೆ ಬ್ರೇಕ್ ಸರಿ, ಬೇರಿಂಗ್ ಸರಿ, ಜಾಮ್ ಅನ್ನೋ ಮಾತೇ ಇಲ್ಲ ಅಂತ ಖಾತ್ರಿ ಆಯ್ತು. ಮೋಟರ್ ಮೇಲ್ಭಾಗದಲ್ಲಿ ಮಾತ್ರ ಕೆಂಪಗೆ ತುಕ್ಕಿನ ಗೀಟು ಇಳಿದಿತ್ತು, ಅದನ್ನ ನೆನಪಲ್ಲಿಟ್ಕೊಂಡೆ, ಅದ್ರ ಕತೆ ಆಮೇಲೆ.

ಇನ್ನು ಕೆಪಾಸಿಟರ್. ನಮ್ಮ ಕಡೆ ಹಳೇ ಎಲೆಕ್ಟ್ರಿಷಿಯನ್ನುಗಳು ಕಂಡೆನ್ಸರ್ ಅಂತಾರೆ. ಸಿಂಗಲ್ ಫೇಸ್ ಕರೆಂಟಲ್ಲಿ ಒಂದೇ ಸುರುಳಿ ಇದ್ರೆ ಮೋಟರೊಳಗಿನ ಕಾಂತಕ್ಷೇತ್ರ ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ಜೀಕತ್ತೆ, ಸುತ್ತು ಬರಲ್ಲ. ಎರಡನೇ ಸುರುಳಿಗೆ ಕರೆಂಟನ್ನ ಸ್ವಲ್ಪ ಹಿಂದೆಮುಂದೆ ಮಾಡಿ ಕೊಟ್ರೆ ಆಗ ಸುತ್ತೋಕೆ ಒಂದು ದಿಕ್ಕು ಸಿಗತ್ತೆ, ಆ ಕೆಲಸ ಮಾಡೋದೇ ಕೆಪಾಸಿಟರ್. ಅದು ಬಲಹೀನ ಆದ್ರೆ ಮೋಟರ್ ಗುಂಯ್ ಅಂತ ನಡುಗ್ತಾ ನಿಂತಿರತ್ತೆ. ನಮ್ಮ ಮೆಷಿನ್ನಿನ ಲಕ್ಷಣ ಇದೇ ಅಲ್ವಾ ಅಂತ ಹೊಳೆದಾಗ ಹಿಂದಿನ ತಿಂಗಳಿಂದ ನಡೀತಿದ್ದಿದ್ದೆಲ್ಲ ಒಂದೊಂದಾಗಿ ನೆನಪಾಯ್ತು, ಡ್ರೈಯರ್ ಶುರುವಾಗೋಕೆ ತಡ ಮಾಡ್ತಿತ್ತು, ಬಟ್ಟೆ ಮೊದಲಿನಷ್ಟು ಒಣಗಿ ಬರ್ತಿರ್ಲಿಲ್ಲ, ನಾವು ಬಟ್ಟೆ ಜಾಸ್ತಿ ಆಯ್ತೇನೋ ಅಂದ್ಕೊಂಡು ಸುಮ್ನಿದ್ವಿ.

ಅಳೆದು ನೋಡೋಕೆ ಮೀಟರ್ ಬೇಕಲ್ಲ. ಪಕ್ಕದ ಮನೆ ಹುಡುಗ ಐಟಿಐ ಓದ್ತಾನೆ, ಅವನೂ ರಜೇಲಿ ಬಂದಿದ್ದ, ಅವನ ಹತ್ರ ಕೆಪಾಸಿಟರ್ ಅಳೆಯೋ ಮಲ್ಟಿಮೀಟರ್ ಇತ್ತು. ಕೊಪ್ಪೆ ಹಾಕ್ಕೊಂಡು ಮೀಟರನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಬಂದ. ಮುಟ್ಟೋಕೆ ಮುಂಚೆ "ಅಕ್ಕ ತಡೀರಿ, ಚಾರ್ಜ್ ಇರ್ಬೋದು" ಅಂತ ಹೋಲ್ಡರಿಗೆ ಎರಡು ವೈರ್ ಕಟ್ಟಿದ ಬಲ್ಬೊಂದನ್ನ ಅದ್ರ ತುದಿಗಳಿಗೆ ಹಿಡಿದು ಖಾಲಿ ಮಾಡ್ದ. ಪ್ಲಗ್ ತೆಗೆದಾಗಿದೆ ಅಂತ ಇದನ್ನ ಬಿಡಬೇಡಿ, ಕೆಪಾಸಿಟರ್ ಕರೆಂಟ್ ಹಿಡಿದಿಟ್ಕೊಂಡಿದ್ರೆ ಕೈಗೆ ಜೋರಾಗಿ ಹೊಡೆಯತ್ತೆ.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮೇಲೆ 10 ಪ್ಲಸ್ 5 ಮೈಕ್ರೋಫ್ಯಾರಡ್ (ಕೆಪಾಸಿಟರ್ ಅಳೆಯೋ ಲೆಕ್ಕ ಅದು), 450 ವೋಲ್ಟ್ ಅಂತ ಬರೆದಿತ್ತು. ನಾಕು ವೈರು. 10ರ ಜೋಡಿ ಒಗೆಯೋ ಮೋಟರಿಗೆ, 5ರ ಜೋಡಿ ಡ್ರೈಯರ್ ಮೋಟರಿಗೆ, ಒಂದೇ ಡಬ್ಬೀಲಿ ಎರಡು ಕೆಪಾಸಿಟರ್. ಡಬ್ಬಿ ಊದಿರ್ಲಿಲ್ಲ, ಸುಟ್ಟಿರ್ಲಿಲ್ಲ, ನೋಡೋಕೆ ಹೊಸದೇ. ಫೋಟೋ ತೆಕ್ಕೊಂಡು, ವೈರಿಗೆಲ್ಲ ಪ್ಲಾಸ್ಟರ್ ಸುತ್ತಿ ಪೆನ್ನಲ್ಲಿ ನಂಬರ್ ಬರ್ದು ಬಿಡಿಸಿದ್ವಿ. 10ರ ಜೋಡಿಗೆ ಮೀಟರ್ ಹಿಡಿದ್ರೆ 9.7. ಸರಿ ಇದೆ. 5ರ ಜೋಡಿಗೆ ಹಿಡಿದ್ರೆ 0.8. ಇನ್ನೊಂದು ಸಲ ಹಿಡಿ ಅಂದೆ, 0.8. ಒಗೆಯೋದು ಯಾಕೆ ಸರಿ ಇತ್ತು, ಇದೊಂದೇ ಯಾಕೆ ನಿಂತಿತ್ತು ಅನ್ನೋದು ಆ ಎರಡು ನಂಬರಲ್ಲೇ ಇತ್ತು.

ಇದು ಒಂದೇ ದಿನಕ್ಕೆ ಹೋಗಿದ್ದಲ್ಲ. ಕೆಪಾಸಿಟರ್ ಒಳಗೆ ಲೋಹದ ತೆಳು ಲೇಪ ಇರೋ ಪ್ಲಾಸ್ಟಿಕ್ ಹಾಳೆ ಸುತ್ತಿರ್ತಾರೆ, ವೋಲ್ಟೇಜ್ ಏಕ್‌ದಂ ಏರಿದಾಗ ಎಲ್ಲೋ ಒಂದು ಸೂಜಿಮೊನೆ ಅಷ್ಟು ಜಾಗ ಸುಡತ್ತೆ, ಸುತ್ತ ಇರೋ ಲೇಪ ಆವಿಯಾಗಿ ಆ ಜಾಗ ತಾನೇ ಮುಚ್ಕೊಳ್ಳತ್ತೆ, ಶಾರ್ಟ್ ಆಗಲ್ಲ, ಆದ್ರೆ ಪ್ರತಿ ಸಲ ಅಷ್ಟಷ್ಟು ಅಳತೆ ಕಮ್ಮಿ ಆಗ್ತಾ ಹೋಗತ್ತೆ. ಗುಡುಗು ಸಿಡಿಲು, ಕರೆಂಟ್ ಹೋಗಿ ಬಂದು ಹೋಗಿ ಬಂದು ಆಗೋ ನಮ್ಮ ಊರಲ್ಲಿ ಆರು ವರ್ಷ ಬಾಳಿದ್ದೇ ಪುಣ್ಯ.

ಮೀಟರ್ ಇದ್ದ ಕೈಯಲ್ಲೇ ಮೋಟರನ್ನೂ ನೋಡಿಬಿಡೋಣ ಅಂತ ಅದ್ರ ಮೂರು ವೈರ್ ಮಧ್ಯ ರೆಸಿಸ್ಟೆನ್ಸ್ ಅಳೆದ್ವಿ. ಒಂದು ಜೊತೇಲಿ 78 ಓಮ್, ಇನ್ನೊಂದರಲ್ಲಿ 92, ಮೂರನೇದ್ರಲ್ಲಿ 170. ಎರಡರ ಮೊತ್ತ ಮೂರನೇದು ಅಂದ್ರೆ ಎರಡೂ ಸುರುಳಿ ತುಂಡಾಗಿಲ್ಲ. ಮೋಟರ್ ಬಾಡಿಗೂ ವೈರಿಗೂ ಏನೂ ತೋರಿಸ್ಲಿಲ್ಲ, ಲೀಕೇಜ್ ಇಲ್ಲ. ಹೋಗಿದೆ ಅಂತ ಫೋನಲ್ಲೇ ತೀರ್ಪು ಕೊಟ್ಟ ಮೋಟರ್ ಗಟ್ಟಿಮುಟ್ಟಾಗಿತ್ತು.

ಹಾಗಾದ್ರೆ 10 ಪ್ಲಸ್ 5 ಒಂದು ತಂದ್ರೆ ಮುಗೀತು. ಆದ್ರೆ ತೀರ್ಥಹಳ್ಳಿ ರಸ್ತೇಲಿ ಮರ ಬಿದ್ದು ಬಸ್ ನಿಂತಿತ್ತು, ತುಂಗೆ ತುಂಬಿ ರಾಮಮಂಟಪ ಮುಳುಗಿದೆ ಅಂತ ಎಲ್ರ ಫೋನಲ್ಲೂ ವಿಡಿಯೋ, ಶಿವಮೊಗ್ಗ ಅಂತೂ ಅಲ್ಲಿಂದ ಮುಂದೆ ಮತ್ತೆ 60 ಕಿಲೋಮೀಟರ್. ಹುಡುಗನ ಬೈಕಲ್ಲಿ ಮೇಗರವಳ್ಳಿ ತನಕ ಹೋದ್ವಿ. ಅಲ್ಲಿ ಅಂಗಡೀಲಿ ಇದ್ದಿದ್ದು ಬರೀ ಫ್ಯಾನ್ ಕಂಡೆನ್ಸರ್, 2.5ದು, 3.15ದು. ಅಂಗಡಿಯವರು "ಫ್ಯಾನಿಂದು ಅದಕ್ಕೆ ಆಗಲ್ಲ ಅಮ್ಮ, ಎಂಎಫ್‌ಡಿ ಸಾಲದು" ಅಂದ್ರು. ಎಂಎಫ್‌ಡಿ ಅಂದ್ರೆ ಅದೇ ಮೈಕ್ರೋಫ್ಯಾರಡ್. ಅವರು ಹೇಳಿದ್ದು ಸರಿ, ಒಂದು ಸಾಲಲ್ಲ. ಡಬ್ಬಿ ತಿರುಗಿಸಿ ನೋಡ್ದೆ, 440 ವೋಲ್ಟ್, ಎಸಿ. ಎರಡು ಕೊಡಿ ಅಂದೆ.

ಕೆಪಾಸಿಟರನ್ನ ಪ್ಯಾರಲಲ್ ಕಟ್ಟಿದ್ರೆ ಅಳತೆ ಕೂಡತ್ತೆ, ಸೀರೀಸ್ ಕಟ್ಟಿದ್ರೆ ಕಮ್ಮಿ ಆಗತ್ತೆ, ರೆಸಿಸ್ಟೆನ್ಸಿಗೆ ತದ್ವಿರುದ್ಧ. ಪಿಯುಸಿಲಿ ಓದಿದ್ದು. ಬೈಕ್ ಹಿಂದೆ ಕೂತು ಛತ್ರಿ ಹಿಡ್ಕೊಂಡು ಹುಡುಗನಿಗೆ ಇದನ್ನೇ ಹೇಳ್ತಾ ಬಂದೆ, ಎರಡು ಹಂಡೆ ಪಕ್ಕಪಕ್ಕ ಇಟ್ಟು ತಳದಲ್ಲಿ ಪೈಪ್ ಸೇರಿಸಿದ್ರೆ ನೀರು ಹಿಡಿಯೋ ಜಾಗ ಎರಡರಷ್ಟು ಆಗತ್ತಲ್ಲ ಹಾಗೆ ಅಂತ. 2.5 ಮತ್ತೆ 2.5, ಕೂಡಿದ್ರೆ 5. ಸೀರೀಸ್ ಮಾಡಿದ್ರೆ 1.25 ಆಗಿ ಮತ್ತೆ ಗುಂಯ್ ಅಂತಿತ್ತು.

ಮನೆಗೆ ಬಂದು ಎರಡರ ಒಂದೊಂದು ವೈರ್ ಸೇರಿಸಿ ಒಂದು ಕಡೆ, ಉಳಿದೊಂದೊಂದು ಸೇರಿಸಿ ಇನ್ನೊಂದು ಕಡೆ ಮಾಡಿ ಮೀಟರಿಗೆ ಹಿಡಿದ್ರೆ 5.1 ತೋರಿಸ್ತು. ಡ್ರೈಯರ್ ಮೋಟರಿನ ಎರಡು ವೈರಿಗೆ ಅದನ್ನ ಕೊಟ್ಟು, ಹಳೇ ಡಬ್ಬಿಯ 10ರ ಜೋಡಿ ಮಾತ್ರ ಮೊದಲಿದ್ದ ಜಾಗಕ್ಕೇ ಹಾಕಿ, ಸತ್ತ ಜೋಡಿಯ ತುದಿಗೆ ಟೇಪ್ ಸುತ್ತಿಬಿಟ್ವಿ. ಫ್ಯಾನ್ ಕೆಪಾಸಿಟರ್ ಎರಡನ್ನೂ ಸಣ್ಣ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ನೀರು ಬೀಳದ ಹಾಗೆ ಮೇಲ್ಗಡೆ ಕಟ್ಟಿದ್ವಿ. ಕವರ್ ಹಾಕಿ ಸ್ಕ್ರೂ ಪೂರ್ತಿ ಬಿಗಿ ಮಾಡಿದ್ಮೇಲೇ ಪ್ಲಗ್ ಹಾಕಿದ್ದು, ಅತ್ತೆ ಅದಕ್ಕೆ ಮುಂಚೆ ಬಿಡ್ಲೇ ಇಲ್ಲ.

ಖಾಲಿ ಟಬ್ಬಿಗೆ ಟೈಮರ್ ಕೊಟ್ಟೆ. ಗುಂಯ್ ಅಂತ ಒಂದು ಕ್ಷಣ, ಆಮೇಲೆ ಆ ಸದ್ದು ಏರ್ತಾ ಏರ್ತಾ ಸೊಂಯ್ ಅಂತ ಹಿಡೀತು ನೋಡಿ, ಮೆಷಿನ್ನೇ ಉಸಿರೆಳೆದ ಹಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ನಿಜ ಹೇಳ್ತೀನಿ. ಮುಚ್ಚಳ ಎತ್ತಿದ ಕೂಡ್ಲೇ ಬ್ರೇಕ್ ಹಿಡಿದು ಟಬ್ ನಿಂತ್ತು, ಅದೂ ಸರಿ ಇದೆ. ಆಮೇಲೆ ಮಗೂ ಬಟ್ಟೆ ಹಾಕಿದ್ವಿ. ಮೊದಲ ಸಲ ಧಡ ಧಡ ಅಂತ ಬಡೀತು, ಬಟ್ಟೆ ಒಂದೇ ಕಡೆ ಗುಡ್ಡೆ ಆಗಿತ್ತು, ಸುತ್ತ ಸಮನಾಗಿ ಹರಡಿ, ಮೇಲೆ ಒತ್ತೋ ಪ್ಲಾಸ್ಟಿಕ್ ತಟ್ಟೆ ಇಟ್ಟು ಮತ್ತೆ ಬಿಟ್ಟೆ. ಪೈಪಲ್ಲಿ ನೀರು ಜೋರಾಗಿ ಬಂತು, ಆಮೇಲೆ ದಾರದಷ್ಟು, ಆಮೇಲೆ ಹನಿ. ತೆಗೆದ ಬಟ್ಟೆನ ಅತ್ತೆ ಕೆನ್ನೆಗೆ ಒತ್ತಿ ನೋಡಿ "ಗಳಕ್ಕೆ ಹಾಕು, ರಾತ್ರಿಗೆ ಆಗತ್ತೆ" ಅಂದ್ರು. ರಾತ್ರಿ ತನಕ ಬೇಕಾಗ್ಲಿಲ್ಲ, ದೀಪ ಹಚ್ಚೋ ಹೊತ್ತಿಗೇ ಒಣಗಿತ್ತು.

ಆ ಎರಡು ಫ್ಯಾನ್ ಕೆಪಾಸಿಟರ್ ಮೇಲೇ ಮಳೆಗಾಲ ಪೂರ್ತಿ ಓಡ್ತು. ಸಂಜೆ ವೋಲ್ಟೇಜ್ ಇಲ್ಲದ ಹೊತ್ತು ಹಾಕೋದು ಮಾತ್ರ ಬಿಟ್ವಿ, ಬೆಳಿಗ್ಗೆ ಬೇಗ ಎದ್ದು ಎಲ್ಲ ಮುಗಿಸೋದು. ಚೌತಿ ಆದ್ಮೇಲೆ ಶಿವಮೊಗ್ಗಕ್ಕೆ ಹೋದಾಗ ಸರಿಯಾದ 10 ಪ್ಲಸ್ 5 ಸಿಕ್ತು, ಇನ್ನೂರು ರೂಪಾಯಿಯೊಳಗೇ ಆಯ್ತು, ತಂದು ಹಾಕಿದೀನಿ.

ಆ ತುಕ್ಕಿನ ಗೀಟಿನ ವಿಷ್ಯ. ಡ್ರೈಯರ್ ಟಬ್ಬಿನ ಕೆಳಗೆ ಶಾಫ್ಟ್ ಇಳಿಯೋ ಜಾಗದಲ್ಲಿ ಮಡಿಕೆ ಮಡಿಕೆಯ ರಬ್ಬರ್ ಸೀಲ್ ಇರತ್ತೆ, ನಮ್ಮದು ಅಲ್ಲಿ ಸಣ್ಣಗೆ ಬಿರುಕು ಬಿಟ್ಟು ನೀರು ಶಾಫ್ಟ್ ಗುಂಟ ಮೋಟರ್ ಮೇಲೆ ಇಳೀತಾ ಇದೆ. ಹಾಗೇ ಬಿಟ್ರೆ ಆಗ ಬೇರಿಂಗ್ ನಿಜವಾಗ್ಲೂ ಹಿಡ್ಕೊಳ್ಳತ್ತೆ. ಶಿವಮೊಗ್ಗದಿಂದ ಕೆಪಾಸಿಟರ್ ಜೊತೇಲೇ ಸೀಲೂ ತಂದಿಟ್ಟಿದೀನಿ, ಅದಕ್ಕೆ ಟಬ್ ಪೂರ್ತಿ ಮೇಲೆತ್ತಿ ತೆಗೀಬೇಕು, ಕೆಳಗೆ ಶಾಫ್ಟಿನ ಬೋಲ್ಟು ತುಕ್ಕು ಹಿಡಿದು ಕಚ್ಕೊಂಡಿದೆ. ಎರಡು ದಿನದಿಂದ ಅದಕ್ಕೆ ಎಣ್ಣೆ ಬಿಡ್ತಾ ಇದೀನಿ. ಭಾನುವಾರ ಹುಡುಗ ಬರ್ತೀನಿ ಅಂದಿದಾನೆ.